ಹಗ್ಗ ಹಗುರಾದ ದಿನ

ಹಿರೇಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಬಹಳ ವರ್ಷ ಫಿಟರ್ ಆಗಿದ್ದೆ. ಬಿಚ್ಚುವುದು, ಜೋಡಿಸುವುದು, ಬಿಗಿಯುವುದು, ಇಷ್ಟೇ ನನ್ನ ಕೆಲಸ. ಶಿಫ್ಟ್ ಮುಗಿಸಿ ತುಮಕೂರಿನ ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಅಕ್ಕಪಕ್ಕದವರ ನಲ್ಲಿ, ಸೈಕಲ್ಲು, ಕುಕ್ಕರಿನ ಹಿಡಿ ಎಲ್ಲವೂ ನನ್ನ ಹತ್ತಿರವೇ ಬರುತ್ತಿದ್ದವು. ನಾನು ಬಿಗಿದದ್ದು ಬಿಚ್ಚಬೇಕಾದರೆ ಮತ್ತೆ ನಾನೇ ಬರಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆ ಜಂಬಕ್ಕಾಗಿ ನಾನು ಒಂದು ಬೇಸಿಗೆಯಲ್ಲಿ ಏನು ಮಾಡಿದೆ ಎನ್ನುವುದನ್ನು ಇಲ್ಲಿ ಬರೆಯಬೇಕು. ಬಾಯಲ್ಲಿ ಹೇಳುವುದಕ್ಕೇ ಹನ್ನೊಂದು ವರ್ಷ ಹಿಡಿಯಿತು. ಬರೆಯುವಾಗಲೂ ಕೈ ಹಿಂಜರಿಯುತ್ತಿದೆ.

ತೊಂಬತ್ತರ ದಶಕದ ನಡುವಿನ ಮಾತು. ಮಗಳಿಗೆ ಆಗ ಹತ್ತು ವರ್ಷ. ನಮಗೆ ಅವಳೊಬ್ಬಳೇ. ನನ್ನ ತಂಗಿಯನ್ನು ಕುಣಿಗಲ್ ದಾಟಿ, ಶಿಂಷಾ ಹೊಳೆಯ ಪಕ್ಕದ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಒಂಬತ್ತು, ಚಿಕ್ಕವನಿಗೆ ಆರು. ಬೇಸಿಗೆಯಲ್ಲಿ ಸಾಮಾನ್ಯವಾಗಿ ಆ ಹೊಳೆಯಲ್ಲಿ ಮರಳೇ ಹೆಚ್ಚು. ಆ ವರ್ಷ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಹೊಳೆ ತುಂಬಿ ಹರೀತಿದೆ, ರಜದಲ್ಲಿ ಮಗೂನ ಕರ್ಕೊಂಡು ಬಾ ಎಂದು ತಂಗಿ ನಮ್ಮ ಪಕ್ಕದ ಮನೆಯ ಫೋನಿಗೆ ಹೇಳಿ ಕಳಿಸಿದ್ದಳು.

ಟ್ಯೂಬು ತೆಗೆದುಕೊಂಡು ಹೋಗುವ ಯೋಚನೆ ನನ್ನದೇ. ಲಾರಿಗಳು ನಿಲ್ಲುವ ಕಡೆ ನನಗೆ ಗೊತ್ತಿದ್ದ ಪಂಚರ್ ಅಂಗಡಿಯಿಂದ ಎರಡು ಹಳೇ ಲಾರಿ ಟ್ಯೂಬು ತಂದೆ. ತೇಪೆಗಳನ್ನು ನೀರಿನಲ್ಲಿ ಮುಳುಗಿಸಿ ನೋಡಿ, ಗಾಳಿ ತುಂಬಿಸಿ, ಮಕ್ಕಳ ತೊಡೆಗೆ ಚುಚ್ಚದ ಹಾಗೆ ಗಾಳಿ ತುಂಬುವ ಮೂತಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಬೆಳಿಗ್ಗೆ ಬಸ್ಸಿನ ಟಾಪಿನ ಮೇಲೆ ಹತ್ತಿ ಸೆಣಬಿನ ಹಗ್ಗದಲ್ಲಿ ಅವನ್ನು ಕಟ್ಟಿದೆ. ಕಂಡಕ್ಟರು ಕೆಳಗಿನಿಂದ ನೋಡಿ, "ಬೀಳಲ್ವಾ?" ಅಂದರು. "ಬಸ್ ಬಿದ್ರೂ ಟ್ಯೂಬ್ ಬೀಳಲ್ಲ" ಅಂದೆ. ಮಗಳು ಕಿಟಕಿಯ ಪಕ್ಕ ಕೂತು ಪ್ರತಿ ಸ್ಟಾಪಿನಲ್ಲೂ ತಲೆ ಹೊರಹಾಕಿ ಮೇಲೆ ನೋಡುತ್ತಿದ್ದಳು. ಹೆಬ್ಬೂರಿನಲ್ಲಿ ಇಳಿದ ಒಬ್ಬ ಮುದುಕ, "ಇದೇನವ್ವ, ಬಸ್ಸಿಗೆ ಕೋಡು ಬಂದವೆ" ಎಂದು ಅವಳನ್ನು ನಗಿಸಿದ. ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ತಂಗಿಯ ಊರು ಸೇರುವ ಹೊತ್ತಿಗೆ ಬಿಸಿಲು ಏರಿತ್ತು.

ತಂಗಿಯ ಗಂಡ ಮಾತು ಕಡಿಮೆಯ ಮನುಷ್ಯ. ಹೊಲ, ಎರಡು ಹಸು, ನಾಲ್ಕಾರು ತೆಂಗು ನೋಡಿಕೊಂಡು ಇರುವವನು. ಹೊಳೆಯಲ್ಲೇ ಈಜಿ ಬೆಳೆದವನು. ನನಗೆ ಈಜು ಅಷ್ಟಕ್ಕಷ್ಟೆ. ಚಿಕ್ಕಂದಿನಲ್ಲಿ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಒಂದಷ್ಟು ದಿನ ಕೈಕಾಲು ಬಡಿದಿದ್ದೆ, ಅಷ್ಟೆ. ಅದನ್ನು ಅವನ ಮುಂದೆ ಹೇಳಲಿಲ್ಲ. ಉದ್ದದ ಹಗ್ಗ ಬೇಕು ಅಂದೆ. ಅವನು ಹಸುಗಳಿಗೆಂದು ಹೊಸದಾಗಿ ತಂದಿದ್ದ ನೀಲಿ ನೈಲಾನ್ ಹಗ್ಗ ಕೊಟ್ಟು, "ಇದು ಜಾರ್ತದೆ ಭಾವ. ನೆಂದ್ರಂತೂ ಗಂಟು ನಿಲ್ಲಲ್ಲ. ನಾನೇ ಕಟ್‌ಕೊಡ್ಲಾ?" ಅಂದ.

"ದಿನಾ ಅದೇ ಕೆಲಸ ಮಾಡೋನಿಗೆ ಹೇಳ್ಕೊಡ್ತೀಯಾ?" ಎಂದು ನಕ್ಕೆ. ಅವನೂ ನಕ್ಕು ಹೊಲದ ಕಡೆ ಹೋದ.

ತಂಗಿ ಚಿತ್ರಾನ್ನ ಕಟ್ಟಿಕೊಟ್ಟಳು. ಹಿಂದಿನ ದಿನ ಬಿಡಿಸಿಟ್ಟ ಹಲಸಿನ ತೊಳೆಯನ್ನೂ ಒಂದು ಡಬ್ಬಿಗೆ ಹಾಕಿದಳು. "ಚಿಕ್ಕೋನು ಬಲು ತರಲೆ, ನೋಡ್ಕಳಣ್ಣ" ಅಂದಳು. ಮೂರು ಮಕ್ಕಳನ್ನೂ ಕರೆದುಕೊಂಡು, ಟ್ಯೂಬುಗಳನ್ನು ಉರುಳಿಸಿಕೊಂಡು ಹೊಳೆಗೆ ಹೋದೆವು.

ಮೊದಲ ಒಂದು ಗಂಟೆಯಷ್ಟು ಸಂತೋಷವಾದ ಹೊತ್ತು ನನ್ನ ಬದುಕಿನಲ್ಲಿ ಹೆಚ್ಚಿಲ್ಲ. ನಾವು ಇಳಿದ ಕಡೆ ನೀರು ದೊಡ್ಡವರ ಸೊಂಟದವರೆಗೆ, ತಳದಲ್ಲಿ ಮರಳು. ನಾನು ಟ್ಯೂಬಿಗೆ ಹಗ್ಗ ಕಟ್ಟಿ, ಒಬ್ಬೊಬ್ಬರನ್ನೇ ಕೂರಿಸಿ, ನೀರಿನ ಸೆಳೆತಕ್ಕೆ ಹಗ್ಗ ಬಿಡುತ್ತ ಹೋಗಿ ಮತ್ತೆ ಎಳೆದುಕೊಳ್ಳುತ್ತಿದ್ದೆ. ಮಗಳು ಟ್ಯೂಬಿನ ಮೇಲೆ ಅಂಗಾತ ಮಲಗಿ, ಲಂಗ ನೀರಿನಲ್ಲಿ ಉಬ್ಬಿ, ಆಕಾಶ ನೋಡುತ್ತ ಹೋಗಿ ಬಂದಳು. "ಅಪ್ಪ, ಮರಗಳೇ ಹೋಗ್ತವೆ, ನಾವು ಹೋಗಲ್ಲ" ಅಂದಳು. ಗಂಡುಹುಡುಗರು ನನ್ನ ಸರದಿ ನಿನ್ನ ಸರದಿ ಎಂದು ಕಚ್ಚಾಡಿದರು. ಚಿಕ್ಕವನ ತುಟಿ ನೀಲಿಯಾಗಿತ್ತು, ಆದರೂ ಇಳಿಯಲು ಒಪ್ಪುತ್ತಿರಲಿಲ್ಲ.

ಆಮೇಲೆ ನನಗೆ ಬೀಡಿ ಸೇದಬೇಕು ಅನ್ನಿಸಿತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ದೊಡ್ಡವನು ತನ್ನ ಟ್ಯೂಬನ್ನು ಮರಳಿನ ಮೇಲೆ ಎಳೆದುಕೊಂಡು ಹಲಸಿನ ತೊಳೆ ತಿನ್ನುತ್ತ ಕೂತಿದ್ದ. ಚಿಕ್ಕವನು ಹಗ್ಗ ಕಟ್ಟಿದ ಟ್ಯೂಬಿನ ಮೇಲೆ ನೀರಿನಲ್ಲಿದ್ದ. ನಾನು ಮಗಳನ್ನು ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ, ಹಗ್ಗವನ್ನು ಅವಳ ಕೈಗೆ ಎರಡು ಸುತ್ತು ಸುತ್ತಿ, "ಹಿಡ್ಕೊಂಡಿರು, ಒಂದ್ನಿಮಿಷ" ಎಂದು ಮೇಲೆ ಹತ್ತಿದೆ. ಹೊಂಗೆ ಮರದ ಕೆಳಗೆ ನನ್ನ ಅಂಗಿ ಇತ್ತು. ಒದ್ದೆ ಕೈಗೆ ಬೆಂಕಿಕಡ್ಡಿ ಹತ್ತಲಿಲ್ಲ. ಹೊಳೆಗೆ ಬೆನ್ನು ಹಾಕಿ, ಗಾಳಿಗೆ ಮರೆಮಾಡಿ ಮೂರನೆಯ ಕಡ್ಡಿ ಗೀರುತ್ತಿದ್ದೆ.

"ಅಪ್ಪ, ಹಗ್ಗ ಹಗುರ ಆಯ್ತು" ಎಂದು ಮಗಳು ಕೂಗಿದಳು.

ನಾನು ತಿರುಗಲಿಲ್ಲ. "ಗಟ್ಟಿಯಾಗಿ ಹಿಡ್ಕೊ" ಅಂದೆ.

"ಅಪ್ಪ, ಹಗುರ ಆಯ್ತು" ಎಂದು ಅವಳು ಇನ್ನೊಮ್ಮೆ ಹೇಳಿದಳು. ಅವಳ ದನಿ ಬೇರೆಯಾಗಿತ್ತು. ಆಗ ತಿರುಗಿದೆ.

ಟ್ಯೂಬು ಆಗಲೇ ಇಪ್ಪತ್ತು ಮಾರು ದೂರ ಹೋಗಿತ್ತು. ಚಿಕ್ಕವನು ಇದೂ ಆಟವೇ ಎಂದುಕೊಂಡು ನಮ್ಮ ಕಡೆ ಕೈ ಬೀಸುತ್ತಿದ್ದ. ಮುಂದೆ ಹೊಳೆ ತಿರುಗುವ ಕಡೆ ಬಂಡೆಗಳಿದ್ದವು. ಅಲ್ಲಿ ಸುಳಿ ಇದೆ ಎಂದು ತಂಗಿ ಹೇಳಿದ್ದಳು. ನಾನು ನೀರಿಗೆ ಹಾರಬೇಕಿತ್ತು. ಹಾರಲಿಲ್ಲ. ದಡದ ಮೇಲೆ ಜಾಲಿ ಮುಳ್ಳು ತುಳಿಯುತ್ತ ಓಡಿದೆ. ಓಡುತ್ತ ಅವನ ಹೆಸರು ಕೂಗುವುದು ಬಿಟ್ಟು ಬೇರೇನೂ ಮಾಡಲಿಲ್ಲ.

ಬಂಡೆಗಿಂತ ಸ್ವಲ್ಪ ಮೇಲೆ ಒಬ್ಬ ವಯಸ್ಸಾದ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ನನ್ನ ಕೂಗಿಗೆ ತಲೆ ಎತ್ತಿ, ಟ್ಯೂಬನ್ನು ನೋಡಿದಳು. ಕಚ್ಚೆ ಬಿಗಿದು ನೀರಿಗೆ ಇಳಿದಳು. ಎದೆಮಟ್ಟ ನೀರಿನಲ್ಲಿ ನಿಂತು, ಕೈಯಲ್ಲಿದ್ದ ಒದ್ದೆ ಸೀರೆಯನ್ನು ಬೀಸಿ ಎಸೆದಳು. ಸೀರೆಯ ಸೆರಗು ಟ್ಯೂಬಿನ ಮೇಲೆ ಬಿತ್ತು. "ಇಡ್ಕ ಮಗ, ಇಡ್ಕ" ಅಂದಳು. ಹುಡುಗ ಹಿಡಿದುಕೊಂಡ. ಅವಳು ಎಳೆದುಕೊಂಡಳು. ನಾನು ಏದುಸಿರು ಬಿಡುತ್ತ ಅಲ್ಲಿಗೆ ಹೋಗುವಷ್ಟರಲ್ಲಿ ಮಗು ಅವಳ ಸೊಂಟದ ಮೇಲಿತ್ತು. ಅವನಿಗೆ ಅಳು ಬಂದಿದ್ದು ನನ್ನ ಮುಖ ನೋಡಿದ ಮೇಲೆ.

"ಏನಯ್ಯ, ಮಕ್ಳನ್ನ ನೀರಿಗೆ ಬುಟ್ಟು ಎಲ್ಲೋಗಿದ್ದೆ?" ಎಂದು ಅವಳು ಕೇಳಿದಳು. ಬೈಗುಳದ ದನಿಯಲ್ಲ. ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ಅಷ್ಟರಲ್ಲಿ ಮಗಳೂ ದೊಡ್ಡವನೂ ಓಡಿ ಬಂದು ನನ್ನ ಹಿಂದೆ ನಿಂತಿದ್ದರು. ಮಗಳ ಕೈಯಲ್ಲಿ ಹಗ್ಗ ಇತ್ತು. ಎರಡು ಸುತ್ತು ಹಾಗೇ ಇದ್ದವು, ಉಳಿದದ್ದು ಹಿಂದೆ ಮಣ್ಣಿನಲ್ಲಿ ಎಳೆದುಕೊಂಡು ಬಂದಿತ್ತು. ಹಗ್ಗದ ಆ ಕೊನೆಯನ್ನು ನೋಡಿದೆ. ನಾನು ಹಾಕಿದ ಗಂಟಿನ ಸುರುಳಿ ಗುರುತು ಇನ್ನೂ ಅದರಲ್ಲಿತ್ತು. ಗಂಟು ಇರಲಿಲ್ಲ.

"ಹಗ್ಗ ಇವಳ ಕೈಗೆ ಕೊಟ್ಟಿದ್ದೆ. ಬಿಟ್ಬಿಟ್ಲು" ಅಂದೆ.

ಯಾಕೆ ಹಾಗೆ ಅಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಹೆಂಗಸು ನನಗೆ ಯಾರೂ ಅಲ್ಲ. ಅವಳನ್ನು ಮತ್ತೆ ನೋಡಲೂ ಇಲ್ಲ. ಆದರೆ ಅವಳಿಗೆ ಹೇಳಿದ ಮೇಲೆ ಆ ಮಾತು ನನ್ನದಾಗಿ ಹೋಯಿತು. ಮಗಳು ಕೇಳಿಸಿಕೊಂಡಳು. ಕೈಯಲ್ಲಿದ್ದ ಹಗ್ಗ ನೋಡಿದಳು, ನನ್ನನ್ನು ನೋಡಿದಳು. ನಾನು ಅವಳ ಕೈಯಿಂದ ಹಗ್ಗ ಬಿಡಿಸಿಕೊಂಡು, ಬೇಗ ಬೇಗ ಸುತ್ತಿ ಚೀಲದ ತಳಕ್ಕೆ ಹಾಕಿದೆ. ಮಗುವನ್ನು ಉಳಿಸಿದವಳಿಗೆ ಕೈ ಮುಗಿಯುವುದಕ್ಕೂ ಮೊದಲು ಮಾಡಿದ ಕೆಲಸ ಅದು.

ಮನೆಗೆ ಹೋದ ಮೇಲೆ ಚಿಕ್ಕವನೇ ಓಡಿ ಹೋಗಿ ಅಮ್ಮನಿಗೆ ಎಲ್ಲ ಹೇಳಿದ. ತಂಗಿ ಅವನನ್ನು ತಬ್ಬಿಕೊಂಡು ಕೂತುಬಿಟ್ಟಳು. ಹೊಲದಿಂದ ಬಂದ ಅವಳ ಗಂಡ, "ಹೆಂಗಾಯ್ತು ಭಾವ?" ಅಂದ. ಬೆಳಿಗ್ಗೆ ಅವನು ಹೇಳಿದ ಮಾತು ನನ್ನ ಕಿವಿಯಲ್ಲೇ ಇತ್ತು. ಅವನ ಎದುರು ಗಂಟು ಬಿಚ್ಚಿತು ಅನ್ನುವುದಕ್ಕಿಂತ ಭೂಮಿ ಬಾಯಿ ಬಿಡಲಿ ಅನ್ನಿಸಿತು. ಮತ್ತೆ ಅದೇ ಹೇಳಿದೆ. ಈ ಸಲ ಸಲೀಸಾಗಿ ಬಂತು. ತಂಗಿಯ ಅತ್ತೆ, "ಇಷ್ಟ್ ಚಿಕ್ ಹುಡ್ಗಿ ಕೈಗೆ ಯಾಕೆ ಕೊಟ್ಯಪ್ಪ" ಎಂದು ನನ್ನನ್ನು ಅಂದರೂ ನೋಡಿದ್ದು ನನ್ನ ಮಗಳನ್ನು. ಮಗಳು ಬಾಗಿಲ ಹತ್ತಿರ ಒದ್ದೆ ಲಂಗದಲ್ಲಿ ನಿಂತಿದ್ದಳು. ತಂಗಿ ಅವಳಿಗೆ ಬೈಯಲಿಲ್ಲ. "ಓಗ್ಲಿ ಬುಡು ಮಗ, ಬಟ್ಟೆ ಬದ್ಲಾಯ್ಸ್ಕ" ಅಂದಳು. ಬೈದಿದ್ದರೆ ಮಗಳು ಎದುರು ಮಾತಾದರೂ ಆಡುತ್ತಿದ್ದಳೋ ಏನೋ.

ಸಂಜೆಯ ಬಸ್ಸಿನಲ್ಲಿ ವಾಪಸು ಹೊರಟೆವು. ಟ್ಯೂಬುಗಳ ಗಾಳಿ ಬಿಟ್ಟು ಮಡಿಸಿ ಕಾಲ ಕೆಳಗೆ ಇಟ್ಟುಕೊಂಡಿದ್ದೆ. ಕುಣಿಗಲ್ ಬಿಟ್ಟು ಬಹಳ ಹೊತ್ತಾದರೂ ಮಗಳು ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಹಗ್ಗ ಸುತ್ತಿದ್ದ ಕಡೆ ಕೆಂಪಗೆ ಬರೆ ಇತ್ತು. ಹೆಬ್ಬೂರು ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು.

"ಅಪ್ಪ, ನಾನು ಬಿಟ್ನಾ?"

ಅವಳು ನನ್ನನ್ನು ಸುಳ್ಳುಗಾರ ಅನ್ನಲಿಲ್ಲ. ಅಪ್ಪ ಹೇಳಿದ್ದಾನೆ ಅಂದ ಮೇಲೆ ನಿಜವೇ ಇರಬೇಕು, ತನಗೇ ಸರಿಯಾಗಿ ಜ್ಞಾಪಕ ಇಲ್ಲವೇನೋ ಎಂದು ಕೇಳಿದ್ದು. ಪಕ್ಕದ ಸೀಟು ಖಾಲಿ ಇತ್ತು. ತಂಗಿ ಇರಲಿಲ್ಲ, ಅವಳ ಗಂಡ ಇರಲಿಲ್ಲ. ಯಾರ ಎದುರಿಗೂ ನನ್ನ ಮಾನ ಹೋಗುವ ಭಯ ಇರಲಿಲ್ಲ. ಒಂದು ಮಾತು ಸಾಕಿತ್ತು.

"ಹೋಗ್ಲಿ ಬಿಡು" ಅಂದೆ. "ಇನ್ಮೇಲೆ ಹುಷಾರಾಗಿರು."

ಹೊಳೆಯ ದಡದಲ್ಲಿ ಹೇಳಿದ್ದು ಗಾಬರಿಯಲ್ಲಿ ಎಂದು ಯಾರಾದರೂ ನನ್ನ ಪರವಾಗಿ ವಾದಿಸಬಹುದು. ಬಸ್ಸಿನಲ್ಲಿ ಹೇಳಿದ್ದಕ್ಕೆ ವಾದವಿಲ್ಲ.

ಆಮೇಲೆ ಅದು ಮನೆತನದ ತಮಾಷೆಯಾಯಿತು. ಮಗುವಿಗೆ ಏನೂ ಆಗಿರಲಿಲ್ಲವಲ್ಲ, ಹಾಗಾಗಿ ನಗುವುದಕ್ಕೆ ಅಡ್ಡಿಯಿರಲಿಲ್ಲ. ಹೆಚ್ಚು ನಗುತ್ತಿದ್ದವನು ಆ ಚಿಕ್ಕವನೇ. ಯಾರದೋ ಗೃಹಪ್ರವೇಶದಲ್ಲಿ ಮಗಳು ಪಾಯಸದ ಬಕೆಟ್ ಹಿಡಿದು ಬಡಿಸಲು ಬಂದರೆ, "ಅಕ್ಕನ ಕೈಗ್ ಕೊಡ್ಬೇಡಿ, ಬುಟ್ಬುಡ್ತಾಳೆ" ಎಂದು ಪಂಕ್ತಿಯಲ್ಲೇ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ ಎಂಬ ಭಯ. ಒಂದೆರಡು ವರ್ಷದಲ್ಲಿ ಮಗಳೂ ನಗುವುದನ್ನು ಕಲಿತಳು. ಆದರೆ ಪಕ್ಕದ ಮನೆಯ ಕೂಸನ್ನು ಎತ್ತಿಕೋ ಅಂದರೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮುಖ ಮಾತ್ರ ಹತ್ತಿರ ತರುತ್ತಿದ್ದಳು. ನನ್ನ ಹೆಂಡತಿ ಅದನ್ನು ಸಂಕೋಚ ಅಂದುಕೊಂಡಳು. ನನಗೆ ಗೊತ್ತಿತ್ತು.

ಅವಳು ಓದಿ ಟೀಚರ್ ಆದಳು. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಗುಬ್ಬಿಯ ಒಂದು ಸಣ್ಣ ಶಾಲೆಯಲ್ಲಿ ಕೆಲಸ. ತುಮಕೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮಕ್ಕಳಿಗೆ ಅವಳೆಂದರೆ ಪ್ರಾಣ ಎಂದು ಕೇಳಿ ನಾನು ಹೆಮ್ಮೆ ಪಡುತ್ತಿದ್ದೆ. ಒಂದು ದಿನ ಹೆಂಡತಿ ಊಟ ಬಡಿಸುತ್ತ, "ಇವಳದೇನೋ ಸರಿಯಿಲ್ಲ ಕಣ್ರೀ" ಅಂದಳು. ಶಾಲೆಯಿಂದ ಮಕ್ಕಳನ್ನು ಒಂದು ದಿನದ ಪ್ರವಾಸ ಕರೆದುಕೊಂಡು ಹೋಗುವುದಿತ್ತಂತೆ. ಇವಳು ಬರುವುದಿಲ್ಲ ಅಂದಳಂತೆ. ಹೆಡ್ ಮಿಸ್ ಒತ್ತಾಯ ಮಾಡಿದ್ದಕ್ಕೆ, "ಮಕ್ಕಳನ್ನ ನಂಬಿ ನನ್ ಕೈಗೆ ಕೊಡ್ಬೇಡಿ ಮಿಸ್, ಚಿಕ್ಕೋಳಿದ್ದಾಗ ಒಂದ್ ಮಗು ಹೋಗೋದ್ರಲ್ಲಿತ್ತು ನನ್ನಿಂದ" ಎಂದು ಅತ್ತಳಂತೆ.

ಅರ್ಧಕ್ಕೇ ತಟ್ಟೆ ಸರಿಸಿದೆ.

ಮರುದಿನ ಕೆಲಸಕ್ಕೆ ರಜ ಹಾಕಿ, ಗುಬ್ಬಿಯಲ್ಲಿ ಸ್ವಲ್ಪ ಕೆಲಸ ಇದೆ ಎಂದು ಅವಳ ಜೊತೆ ಬಸ್ಸು ಹತ್ತಿದೆ. ಆ ಸುಳ್ಳನ್ನೂ ಹೇಳಿದೆ ನೋಡಿ. ಬಸ್ಸಿನಲ್ಲಿ ಬಾಯಿ ಬರಲಿಲ್ಲ. ಗುಬ್ಬಿಯಲ್ಲಿ ಇಳಿದು, ಶಾಲೆಗೆ ಇನ್ನೂ ಹೊತ್ತಿದೆ ಎಂದು ಹೋಟೆಲಿಗೆ ಕರೆದುಕೊಂಡು ಹೋಗಿ, ಕಾಫಿ ಮುಂದಿಟ್ಟುಕೊಂಡು ಹೇಳಿದೆ. ಗಂಟು ನಾನು ಹಾಕಿದ್ದು, ಅದೇ ಬಿಚ್ಚಿತು, ನೀನು ಹಗ್ಗ ಬಿಡಲಿಲ್ಲ, ನಾನು ಸುಳ್ಳು ಹೇಳಿದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಅಮ್ಮ ಹೇಳಿದ್ಲಾ, ನಾನು ಅತ್ತಿದ್ದು?"

"ಹೇಳಿದ್ಲು. ಅದಕ್ಕಲ್ಲ."

"ಅಪ್ಪ, ನನ್ನ ಸಮಾಧಾನಕ್ಕೆ ಹೀಗೆಲ್ಲ ಹೇಳ್ಬೇಡ. ನಂಗೆ ಚೆನ್ನಾಗಿ ಜ್ಞಾಪಕ ಇದೆ. ಹಗ್ಗ ಹಗುರ ಆಗಿದ್ದು ಈಗ್ಲೂ ಕೈಗೆ ಗೊತ್ತಾಗುತ್ತೆ. ಬಿಟ್ಟಿದ್ದಕ್ಕೇ ಅಲ್ವಾ ಹಗುರ ಆಗಿದ್ದು."

"ಇಲ್ಲಮ್ಮ."

"ಹೋಗ್ಲಿ ಬಿಡಪ್ಪ" ಎಂದು ಕಾಫಿ ಕುಡಿದು, ಬ್ಯಾಗು ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋದಳು. ಹೋಗುವಾಗ ನನ್ನ ಭುಜ ತಟ್ಟಿದಳು. ತಪ್ಪೊಪ್ಪಿಕೊಂಡರೆ ಭಾರ ಇಳಿಯುತ್ತದೆ ಎನ್ನುತ್ತಾರೆ. ನಾನು ನಿಜ ಹೇಳಿದ್ದೇ ಅವಳ ಕಣ್ಣಿಗೆ ಅಪ್ಪನ ಒಳ್ಳೆಯತನವಾಗಿ ಕಂಡಿತ್ತು. ಆ ಹೋಟೆಲಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ತಂಗಿಯ ದೊಡ್ಡ ಮಗ ಆಗ ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಐಟಿಐ ಓದುತ್ತಿದ್ದ. ಭಾನುವಾರ ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದ. ಆ ಭಾನುವಾರ ನಾನು, ಮಗಳು, ಅವನು ಮೂವರೂ ಊಟಕ್ಕೆ ಕೂತಿದ್ದಾಗ, "ಹೊಳೇಲಿ ಟ್ಯೂಬ್ ಕೊಚ್ಕೊಂಡು ಹೋಯ್ತಲ್ಲ, ಆವತ್ತು ನೀನು ಏನು ನೋಡ್ದೆ? ಇದ್ದಿದ್ದು ಇದ್ದ ಹಾಗೆ ಹೇಳು" ಅಂದೆ.

ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ನನ್ನನ್ನು ನೋಡಿದ, ಆಮೇಲೆ ತಟ್ಟೆ ನೋಡಿದ. "ಯಾಕ್ ಮಾವ ಈಗ?"

"ಹೇಳೋ."

"ಹಗ್ಗ ಅಕ್ಕನ ಕೈಲೇ ಇತ್ತು. ಪೂರ್ತಿ ಇತ್ತು. ನೀವು ಸುತ್ತಿ ಚೀಲಕ್ಕೆ ಹಾಕಿದ್ನೂ ನೋಡ್ದೆ." ಆಮೇಲೆ ಹೇಳಿದ, "ನೀವು ದೊಡ್ಡೋರು ಹಂಗಂದ್ ಮೇಲೆ ನಾನ್ಯಾಕೆ ಬಾಯ್ ಬುಡ್ಲಿ ಅಂತ ಸುಮ್ಕಾದೆ. ತಪ್ಪಾಯ್ತು ಅಕ್ಕ."

ಸಾರಿನ ಸೌಟು ಹಿಡಿದ ಹೆಂಡತಿ ಅಲ್ಲೇ ನಿಂತಳು. ಅವಳಿಗೂ ಆವತ್ತೇ ತಿಳಿದದ್ದು. ಮಗಳು ತನ್ನ ಬಲಗೈಯನ್ನು, ಊಟದ ಕೈಯನ್ನು, ಒಮ್ಮೆ ನೋಡಿಕೊಂಡಳು. ಎದ್ದು ಹೋಗಿ ಕೈ ತೊಳೆದಳು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು. ರೂಮಿನ ಬಾಗಿಲು ಹಾಕಿಕೊಂಡ ಸದ್ದೂ ಜೋರಾಗಿರಲಿಲ್ಲ.

ಅದಾದ ಮೇಲೆ ಎರಡು ತಿಂಗಳು ಅವಳು ನನ್ನ ಜೊತೆ ಮಾತು ಬಿಟ್ಟಳು. ಹೆಂಡತಿ ಒಂದೇ ಸಲ ಕೇಳಿದಳು, "ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಕೂತು ಉಂಡ್ರಲ್ಲ, ಒಂದ್ ದಿನಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?" ಪ್ರತಿ ದಿನವೂ ಅನ್ನಿಸಿತ್ತು ಎಂದರೆ ಅವಳು ನಂಬುತ್ತಿದ್ದಳೋ ಇಲ್ಲವೋ.

ತಂಗಿಯ ಊರಿಗೂ ಹೋಗಿ ಹೇಳಿ ಬಂದೆ. "ಮಗ ಉಳ್ಕಂಡ್ನಲ್ಲ, ಹಳೇದ್ಯಾಕಣ್ಣ ಈಗ, ಬುಡು" ಅಂದಳು ತಂಗಿ. ಅವಳ ಗಂಡ ಹಸುವಿಗೆ ಹುಲ್ಲು ಹಾಕುತ್ತಿದ್ದವನು ಕೈ ಝಾಡಿಸಿಕೊಂಡು ಬಂದು, "ಮಗೀಗೆ ಹೇಳಿದ್ರಾ ಭಾವ?" ಎಂದು ಕೇಳಿದ. ಹೇಳಿದೆ ಅಂದೆ. "ಅದೇ ಮುಖ್ಯ" ಎಂದು ಮತ್ತೆ ಕೊಟ್ಟಿಗೆಗೆ ಹೋದ. ಚಿಕ್ಕವನು ಪಿಯುಸಿಗೆ ಬಂದಿದ್ದ. ಅವನು ಬೈಕಿನಲ್ಲಿ ನನ್ನನ್ನು ಕುಣಿಗಲ್ಲಿಗೆ ಬಿಟ್ಟ. ಮಾರನೆಯ ವಾರ ತುಮಕೂರಿಗೆ ಬಂದು, ಅಕ್ಕನ ಎದುರು ಕೂತು ಬಹಳ ಹೊತ್ತು ಏನೇನೋ ಹೇಳಿ ಹೋದನೆಂದು ಹೆಂಡತಿ ಹೇಳಿದಳು.

ಮಗಳು ಮತ್ತೆ ಮಾತಾಡಿದ್ದು ಒಂದು ಬೆಳಿಗ್ಗೆ, ಚಪ್ಪಲಿ ಹಾಕಿಕೊಳ್ಳುತ್ತ, ಬಾಗಿಲಲ್ಲಿ ನಿಂತು.

"ನಾನು ಬಸ್ಸಲ್ಲಿ ಕೇಳಿದ್ನಲ್ಲಪ್ಪ. ಆಗಾದ್ರೂ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು" ಅಂದೆ.

"ನಂಗೂ ಆಗಿತ್ತಲ್ಲ" ಅಂದಳು. "ಇಷ್ಟು ವರ್ಷ."

ಅಷ್ಟು ಹೇಳಿ ಬಸ್ಸಿಗೆ ಹೋದಳು. ಆ ವರ್ಷದ ಶಾಲೆಯ ಪ್ರವಾಸಕ್ಕೆ ಅವಳು ಹೋಗಲಿಲ್ಲ. ತಪ್ಪು ತನ್ನದಲ್ಲ ಎಂದು ಗೊತ್ತಾದ ಮಾತ್ರಕ್ಕೆ ಕೈಗೆ ಧೈರ್ಯ ಬಂದುಬಿಡುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿದಳಂತೆ. ಅದರ ಮುಂದಿನ ವರ್ಷ ಹೋದಳು. ದಿನವಿಡೀ ಮಕ್ಕಳ ತಲೆ ಎಣಿಸಿ ಎಣಿಸಿ ಸುಸ್ತಾಗಿ ಬಂದು, ಊಟವನ್ನೂ ಮಾಡದೆ ಮಲಗಿದಳು.

ಈಗ ನನ್ನ ಜೊತೆ ಎಲ್ಲರ ಹಾಗೆ ಮಾತಾಡುತ್ತಾಳೆ. ಮಾತ್ರೆ ತಂದುಕೊಡುತ್ತಾಳೆ, ಬೀಡಿ ಬಿಡು ಎಂದು ಗದರುತ್ತಾಳೆ. ಆದರೆ ಎಲ್ಲಿಯೋ ಏನೋ ನಡೆದದ್ದನ್ನು ನಾನು ಹೇಳಲು ಶುರು ಮಾಡಿದರೆ, ಕೇಳುತ್ತ ಕೇಳುತ್ತ ಒಂದು ಸಲ ಅಮ್ಮನ ಮುಖ ನೋಡುತ್ತಾಳೆ. ನಿಜವೇ ಎಂದು ಕೇಳುವ ಹಾಗೆ. ನಾನು ಅದನ್ನು ಗಮನಿಸದವನಂತೆ ಮಾತು ಮುಂದುವರಿಸುತ್ತೇನೆ.